ಮೊದಲ ತುತ್ತು

ಹಲ್ಲಕ್ಕನಿಗೆ ಬಾಯಿ ಎಂದರೆ ಹೇಸಿಗೆ. ಹಲ್ಲು ಮಾಡಿ ಬದುಕುವವಳಿಗೆ ಬಾಯಿ ಕಂಡರಾಗದು ಎಂದರೆ ಯಾರೂ ನಂಬುತ್ತಿರಲಿಲ್ಲ, ಆದರೆ ಇದ್ದದ್ದು ಹಾಗೆಯೇ. ಊರಿನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು, ಡಬ್ಬಿಯಲ್ಲಿಟ್ಟು ಅವಳ ಲ್ಯಾಬಿಗೆ ಕಳಿಸುತ್ತಿದ್ದರು. ಗುಲಾಬಿ ಬಣ್ಣದ, ರಬ್ಬರಿನಂಥ ಆ ಅಚ್ಚುಗಳಿಗೆ ಯಾರದೋ ಎಂಜಲು, ಯಾರದೋ ರಕ್ತ, ಒಮ್ಮೊಮ್ಮೆ ಯಾರೋ ಬೆಳಿಗ್ಗೆ ತಿಂದದ್ದರ ಚೂರು ಅಂಟಿಕೊಂಡಿರುತ್ತಿತ್ತು. ಅವಳು ಒಂದರ ಮೇಲೊಂದು ಕೈಗವಸು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ಔಷಧಿ ನೀರಿನಲ್ಲಿ ಮುಳುಗಿಸಿ, ಮತ್ತೆ ತೊಳೆದು, ಆಮೇಲೆ ಅದರೊಳಗೆ ಪ್ಲಾಸ್ಟರು ಸುರಿಯುತ್ತಿದ್ದಳು. ಪ್ಲಾಸ್ಟರು ಗಟ್ಟಿಯಾದ ಮೇಲೆ ಅಚ್ಚು ಬಿಡಿಸಿದರೆ ಬಾಯಿ ಬೆಳ್ಳಗೆ, ಒಣಗಿ, ವಾಸನೆಯಿಲ್ಲದೆ ಕೈಗೆ ಬರುತ್ತಿತ್ತು. ಮನುಷ್ಯರ ಬಾಯಿ ಹುಟ್ಟಿನಿಂದಲೇ ಹೀಗಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಅವಳು ಇನ್ನೊಬ್ಬರ ಲೋಟದಲ್ಲಿ ನೀರು ಕುಡಿದವಳಲ್ಲ. ಬಸ್ಸಿನಲ್ಲಿ ಪಕ್ಕದವರು ಆಕಳಿಸಿದರೆ ಮುಖ ತಿರುಗಿಸಿಕೊಳ್ಳುವವಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಬಾಯಿಗೆ ಬಂದ ಕಾರಣ ಹೇಳುತ್ತಿದ್ದಳು. ನಿಜವಾದ ಕಾರಣ ಗಂಡಸಿನ ಬಾಯಿಯೇ ಇರಬೇಕೆಂದು ನೆಂಟರು ಬೆನ್ನ ಹಿಂದೆ ನಗುತ್ತಿದ್ದರು. ಇಡೀ ಲೋಕದಲ್ಲಿ ಅವಳು ಹೇಸದಿದ್ದ ಬಾಯಿ ಒಂದೇ, ತಮ್ಮನದು.

ತಮ್ಮ ಹುಟ್ಟಿದ ಮೇಲೆ ತಾಯಿ ಹಾಸಿಗೆ ಬಿಟ್ಟು ಏಳಲಿಲ್ಲ. ತಂದೆಗೆ ಕಾರ್ಖಾನೆಯ ಪಾಳಿ. ಇನ್ನೂ ಲಂಗ ಉಡುತ್ತಿದ್ದ ಇವಳೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಅವನಿಗೆ ಹಲ್ಲು ಬರುವ ಮೊದಲು, ಕೊಟ್ಟದ್ದು ಗಟ್ಟಿಯಾಗಿದ್ದರೆ ತಾನೇ ಅಗಿದು ಮೆತ್ತಗೆ ಮಾಡಿ, ಬೆರಳ ತುದಿಯಲ್ಲಿ ಅವನ ಬಾಯಿಗಿಡುತ್ತಿದ್ದಳು. ಅವನು ಬಾಯಿ ತೆರೆಯಲಿ ಎಂದು ಇವಳ ಬಾಯಿಯೂ ತಾನಾಗಿ ತೆರೆದುಕೊಳ್ಳುತ್ತಿತ್ತು. ತಿನ್ನೋದು ಅವನೋ ನೀನೋ ಎಂದು ತಾಯಿ ಮಲಗಿದಲ್ಲಿಂದಲೇ ಛೇಡಿಸುತ್ತಿದ್ದಳು. ಮುಂದೆ ಅವನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಬೆಳಿಗ್ಗೆ ಸಂಜೆ ನಿಂತು ಉಜ್ಜಿಸಿದಳು, ಸಿಹಿಯನ್ನೆಲ್ಲ ಅಟ್ಟದ ಮೇಲೆ ಬಚ್ಚಿಟ್ಟಳು. ಅವನಿಗೆ ಮೂವತ್ತು ದಾಟಿದರೂ ಬಾಯಲ್ಲಿ ಒಂದೇ ಒಂದು ಹುಳುಕಿರಲಿಲ್ಲ. ಚಿಕ್ಕವನಿದ್ದಾಗ ಮಂಚದಿಂದ ಬಿದ್ದು ಕೆಳಸಾಲಿನ ಒಂದು ಹಲ್ಲು ಕೊಂಚ ಓರೆಯಾಗಿತ್ತು, ಅಷ್ಟೇ. ಆ ಓರೆಯೂ ಅವಳಿಗೆ ಚೆಂದವೇ.

ಈ ತಮ್ಮ ಒಂದು ದೊಡ್ಡ ಅಂಗಡಿಯಲ್ಲಿ, ಕೆಟ್ಟುಹೋದ ಸಾಮಾನು ವಾಪಸು ತೆಗೆದುಕೊಳ್ಳುವ ಕೌಂಟರಿನಲ್ಲಿ ಕೂರುತ್ತಿದ್ದ. ತಿರುಗದ ಫ್ಯಾನು, ಕಾಯದ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಬಂದವರು, ಅದನ್ನು ತಯಾರಿಸಿದವನಿಗೆ ಬೈಯಬೇಕಾದ್ದನ್ನೆಲ್ಲ ಇವನಿಗೆ ಬೈದು ಹೋಗುತ್ತಿದ್ದರು. ಇವನು ಎಲ್ಲವನ್ನೂ ನುಂಗಿಕೊಂಡು, ಹಲ್ಲು ಕಿರಿದು, ಮನೆಗೆ ಬಂದು ಗೋಡೆ ನೋಡುತ್ತ ಕೂರುವವನು. ಕಟ್ಟಿಕೊಂಡವಳು ಇಂಥ ಬಾಯಿಸತ್ತವನ ಜೊತೆ ಏಗಲಾರೆ ಎಂದು ಬಿಟ್ಟು ಹೋದಳು. ಆಮೇಲೆ ಅವನು ಅಕ್ಕನ ಮನೆಗೇ ಬಂದ. ಮುಂದಿನ ಕೋಣೆ ಲ್ಯಾಬು, ಹಿಂದಿನ ಎರಡು ಕೋಣೆ ಸಂಸಾರ.

ಗೋಡೆ ನೋಡುತ್ತಿದ್ದ ಆ ದಿನಗಳಲ್ಲೇ ಅವನು ಹಿಂಡಿಗೆ ಸೇರಿದ್ದು.

ಮುಚ್ಚಿಹೋದ ಒಂದು ವ್ಯಾಯಾಮಶಾಲೆಯ ಮಹಡಿಯಲ್ಲಿ ವಾರಕ್ಕೊಮ್ಮೆ ಕೂಡುವ ಜನ ತಮ್ಮನ್ನು ಹಿಂಡು ಎಂದು ಕರೆದುಕೊಳ್ಳುತ್ತಿದ್ದರು. ಅವರ ಮುಖಂಡನಿಗೆ 'ಹಿರಿಯ' ಎಂದು ಹೆಸರು. ಮೊದಲು ವಿಮೆ ಮಾರುತ್ತಿದ್ದನಂತೆ. ಪ್ರತಿಯೊಬ್ಬ ಮನುಷ್ಯನ ಬೆನ್ನಿಗೂ ಒಂದು ಪ್ರಾಣಿಯ ಆತ್ಮ ಕಾವಲಿರುತ್ತದೆ, ಬಹಳ ಜನಕ್ಕೆ ಅದು ಕುರಿಯೋ ಕೋಳಿಯೋ ಆಗಿರುತ್ತದೆ, ಆಯ್ದ ಕೆಲವರಿಗೆ ಮಾತ್ರ ತೋಳ ಎಂದು ಅವನ ಬೋಧೆ. ತೋಳ ದಾರಿ ತೋರಿಸುತ್ತದೆ, ತೋಳ ತನ್ನವರನ್ನು ಬಿಟ್ಟುಕೊಡುವುದಿಲ್ಲ, ತೋಳ ತನ್ನ ಹಸಿವಿಗೆ ನಾಚುವುದಿಲ್ಲ, ಕತ್ತಲಲ್ಲಿ ಕಾಣುವ ಕಣ್ಣು ಅದಕ್ಕಿದೆ, ಒಂಟಿಯಾಗಿ ನಿಂತು ಚಂದ್ರನ ಜೊತೆ ಮಾತಾಡುವ ಎದೆ ಅದಕ್ಕಿದೆ. ವಿಚಿತ್ರವೆಂದರೆ ಹಣ ಕಟ್ಟಿ ಹಿಂಡಿಗೆ ಬಂದವರಲ್ಲಿ ಒಬ್ಬರಿಗೂ ಕುರಿಯ ಆತ್ಮ ಸಿಕ್ಕ ಉದಾಹರಣೆಯಿರಲಿಲ್ಲ.

ಮೊದಮೊದಲು ಹಲ್ಲಕ್ಕನಿಗೆ ಸಂತೋಷವೇ ಆಗಿತ್ತು. ತಮ್ಮ ಮಾತಾಡತೊಡಗಿದ. ಅಂಗಡಿಯಲ್ಲಿ ಕೈ ಎತ್ತಲು ಬಂದವನೊಬ್ಬನನ್ನು ಸುಮ್ಮನೆ ದಿಟ್ಟಿಸಿ ನೋಡಿ ಹಿಂದಕ್ಕೆ ಕಳಿಸಿದೆ ಎಂದು ಹೇಳಿಕೊಂಡು ನಕ್ಕ. ಅವನ ನಗು ಕೇಳಿ ಯಾವ ಕಾಲವಾಗಿತ್ತೋ. ತೋಳವಾದರೂ ಆಗಲಿ, ಮೊಲವಾದರೂ ಆಗಲಿ, ಹುಡುಗ ಎದ್ದು ಕೂತನಲ್ಲ ಎಂದುಕೊಂಡಳು.

ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ತಟ್ಟೆಗೆ ಹಾಕಿದ್ದನ್ನು ಅವನು ಮೊದಲು ಮೂಸಿ ನೋಡತೊಡಗಿದ. ಸಾಬೂನಿನ ವಾಸನೆ ತನ್ನ ನಿಜವಾದ ವಾಸನೆಯನ್ನು ಮುಚ್ಚುತ್ತದೆ ಎಂದು ಸ್ನಾನ ಕಡಿಮೆ ಮಾಡಿದ. ಮಾಂಸವನ್ನು ಬೇಯಿಸಿದ್ದು ಸಾಕು ಸಾಕು ಎಂದು ಒಲೆಯಿಂದ ಅರೆಬೆಂದದ್ದನ್ನೇ ಕಿತ್ತುಕೊಂಡು, ಬಾಯಿ ತೆರೆದುಕೊಂಡೇ ಅಗಿಯುತ್ತಿದ್ದ. ತುಟಿಯ ಮೂಲೆಯಿಂದ ಕೆಂಪು ನೀರು ಗದ್ದಕ್ಕಿಳಿಯುತ್ತಿತ್ತು, ಅದನ್ನು ಕೈಯ ಹಿಂಭಾಗದಿಂದ ಒರೆಸಿ ಆ ಕೈಯನ್ನು ನೆಕ್ಕುತ್ತಿದ್ದ. ಹಲ್ಲುಜ್ಜುವುದನ್ನೂ ಬಿಟ್ಟಿದ್ದ. ತೋಳ ಹಲ್ಲುಜ್ಜುತ್ತದೆಯೇ ಎಂದು ಅವನ ಪ್ರಶ್ನೆ. ಜೀವಮಾನದಲ್ಲಿ ಮೊದಲ ಸಲ ತಮ್ಮನ ಬಾಯಿಯ ಕಡೆ ನೋಡಿ ಅವಳು ಮುಖ ತಿರುಗಿಸಿಕೊಂಡಳು, ಹಾಗೆ ತಿರುಗಿಸಿಕೊಂಡದ್ದಕ್ಕೆ ಅವಳಿಗೆ ಅಳುವೂ ಬಂತು.

ಹೀಗಿರುವಾಗ ಒಂದು ದಿನ ಮೂಲೆ ಕ್ಲಿನಿಕ್ಕಿನ ಡಾಕ್ಟರಿಂದ ದೊಡ್ಡದೊಂದು ಡಬ್ಬಿ ಬಂತು. ಹಿಂದೆಯೇ ಫೋನೂ ಬಂತು. ಒಂದು ಗುಂಪಿಗೆ ವಿಶೇಷ ಕೆಲಸವಂತೆ; ಪ್ರತಿಯೊಬ್ಬರ ಮೇಲಿನ ಎರಡು ಕೋರೆಹಲ್ಲನ್ನು ತಾನು ಯಂತ್ರದಿಂದ ಅರೆದು ಮೊಳೆಯಷ್ಟು ಸಣ್ಣದು ಮಾಡುತ್ತಾನಂತೆ, ಅದರ ಮೇಲೆ ಕೂರಿಸಲು ಉದ್ದನೆಯ, ಚೂಪಾದ ಕ್ಯಾಪುಗಳನ್ನು ಅವಳು ಮಾಡಿಕೊಡಬೇಕಂತೆ. ಅರೆಯುವುದು ಮುಂದಿನ ವಾರ, ಈಗ ಮೇಣದಲ್ಲಿ ಮಾದರಿ ಮಾಡಿದರೆ ಸಾಕು. ಯಾವ ಆಕಾರ ಎಂದು ಕೇಳಿದರೆ ಡಾಕ್ಟರು ಕೊಂಚ ಗಂಟಲು ಸರಿಮಾಡಿಕೊಂಡು, ತೋಳದ ಥರ ಎಂದ.

ಆ ಗುಂಪು ಯಾವುದೆಂದು ಅವಳಿಗೆ ಆಗಲೇ ಹೊಳೆದಿತ್ತು. ಆದರೂ ತೊಳೆದಳು, ಪ್ಲಾಸ್ಟರು ಕಲಸಿದಳು, ಸುರಿದಳು. ಅಚ್ಚುಗಳ ಮೇಲೆ ಹೆಸರಿರಲಿಲ್ಲ. ಅವಳಿಗೆ ಹೆಸರು ಬೇಕಾಗಿಯೂ ಇರಲಿಲ್ಲ. ಒಂದೊಂದಾಗಿ ಬಿಡಿಸುತ್ತ ಹೋದಾಗ, ಹುಳುಕಿನ ಬಾಯಿ, ಸಂದು ಬಿಟ್ಟ ಬಾಯಿ, ಹೊಗೆ ಎಳೆದು ವಸಡು ಸವೆದ ಬಾಯಿ ದಾಟಿ, ಅಂಗೈಯ ಮೇಲೆ ತಮ್ಮ ಬಂದು ಕೂತ. ಕೆಳಸಾಲಿನ ಆ ಓರೆ ಹಲ್ಲು, ಮೇಲೆ ಅಚ್ಚುಕಟ್ಟಾಗಿ ನಿಂತ ಎರಡು ಕೋರೆಹಲ್ಲು. ಇವನ್ನು ಅರೆಯುತ್ತಾರಂತೆ. ಒಮ್ಮೆ ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಇದು ತಿಳಿಯಲು ಯಾರೂ ಹಲ್ಲಕ್ಕನಾಗಬೇಕಿಲ್ಲ.

ಡಬ್ಬಿಯ ತಳದಲ್ಲಿ ಇನ್ನೊಂದು ಅಚ್ಚಿತ್ತು. ಬಿಡಿಸಿ ನೋಡಿದರೆ ಬರೀ ವಸಡು. ಒಂದೂ ಹಲ್ಲಿಲ್ಲದ, ಸವೆದ ಸಾಬೂನಿನ ತುಂಡಿನಂಥ ಬಾಯಿ. ಇದು ಯಾರದೆಂದು ಡಾಕ್ಟರಿಗೆ ಫೋನು ಮಾಡಿ ಕೇಳಿದಳು. ಹಿರಿಯರದು, ಅವರಿಗೆ ಕೋರೆಯಿರುವ ಪೂರ್ತಿ ಸೆಟ್ಟೇ ಬೇಕು, ಈಗ ಹಾಕಿಕೊಳ್ಳುವ ಸೆಟ್ಟು ಹಳೆಯದಾಗಿ ಜಾರುತ್ತದೆ ಎಂದು ಅವನು ಹೇಳಿದ. ನನ್ನ ತಮ್ಮನ ಗಟ್ಟಿಮುಟ್ಟಾದ ಹಲ್ಲು ಅರೆಯಲು ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ ಎಂದು ಅವಳು ಕೇಳಿದ್ದಕ್ಕೆ, ಬೆಳೆದ ಗಂಡಸು ತಾನಾಗಿ ಬಂದು ಕೇಳಿದರೆ ನಾನೇನು ಮಾಡಲಿ, ನೀವು ಒಲ್ಲೆ ಅಂದರೆ ಬೇರೆ ಲ್ಯಾಬು ಇದೆ ಎಂದ. ಕೊನೆಗೆ ದನಿ ತಗ್ಗಿಸಿ, ತಾನೂ ಹಿಂಡಿನವನೇ ಎಂದು ತಿಳಿಸಿದ. ಅವಳು ಫೋನು ಇಟ್ಟು ಕೈ ತೊಳೆದುಕೊಂಡಳು. ಆ ಮನುಷ್ಯನ ದನಿಯೇ ಕೈಗೆ ಅಂಟಿದಂತಾಗಿತ್ತು.

ಮಧ್ಯಾಹ್ನ ತಮ್ಮ ಊಟಕ್ಕೆ ಬಂದಾಗ ಅವಳು ಮಾತಿಗಿಂತ ಮೊದಲು ಆ ಬೋಳು ವಸಡಿನ ಪ್ಲಾಸ್ಟರನ್ನು ಅವನ ತಟ್ಟೆಯ ಪಕ್ಕ ಇಟ್ಟಳು. ಇದೇ ನೋಡು ನಿಮ್ಮ ಮಹಾ ತೋಳ, ಬಾಯಲ್ಲಿ ಕಡಲೆ ಮುರಿಯಲು ಒಂದು ಹಲ್ಲಿಲ್ಲ ಎಂದಳು. ಇಷ್ಟು ತೋರಿಸಿದರೆ ಸಾಕು, ಅವನ ತಲೆಗೆ ಹೊಕ್ಕ ಹುಳ ಹೊರಗೆ ಬೀಳುತ್ತದೆ ಎಂದು ನಂಬಿ ಬೆಳಗಿನಿಂದ ಕಾದಿದ್ದಳು.

ತಮ್ಮ ಅದನ್ನು ಎರಡೂ ಕೈಯಿಂದ ಎತ್ತಿಕೊಂಡ. ಅವನ ಮುಖದ ಮೇಲೆ ಭಕ್ತಿ ಬಂತು.

"ಗೊತ್ತು ಅಕ್ಕ," ಎಂದ. "ಹಿರಿಯರೇ ಹೇಳಿದ್ದಾರೆ. ಹಿಂಡಿಗೆ ತಿನ್ನಿಸಿ ತಿನ್ನಿಸಿ ಸವೆದು ಹೋದವಂತೆ. ನಾವು ಅದಕ್ಕೇ ಅವರನ್ನ ಹಿರಿಯ ಅನ್ನೋದು."

ವಿಮೆ ಮಾರುವವನ ಹಲ್ಲು ಯಾರಿಗೆ ತಿನ್ನಿಸಿ ಸವೆಯುತ್ತದೆ ಎಂದು ಅವಳು ಕೇಳಿದಳು. ತಮ್ಮ ತನ್ನ ಪಾಡಿಗೆ ಹೇಳುತ್ತ ಹೋದ. ಚಿಕ್ಕವನಿದ್ದಾಗ ಅಕ್ಕ ಅವನನ್ನು ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದಳಲ್ಲ, ಅಲ್ಲೊಂದು ತೋಳ ಬೋನಿನಿಂದ ಅವನನ್ನೇ ನೋಡಿತ್ತಂತೆ. ಅಷ್ಟು ಜನರಲ್ಲಿ ಅವನೊಬ್ಬನನ್ನೇ ಆರಿಸಿಕೊಂಡಿತ್ತಂತೆ. ಅದು ಅವನಿಗೆ ಮರೆತೇ ಹೋಗಿತ್ತು, ಹಿರಿಯರು ಕಣ್ಣು ಮುಚ್ಚಿಸಿ ಕೂರಿಸಿ ನೆನಪು ಮಾಡಿಸಿದರಂತೆ.

ಹಲ್ಲಕ್ಕನಿಗೆ ಆ ತೋಳ ಚೆನ್ನಾಗಿ ನೆನಪಿತ್ತು. ಮೈಯೆಲ್ಲ ಕಜ್ಜಿ, ಕಿವಿಯ ಗಾಯದ ತುಂಬ ನೊಣ, ಬೋನಿನ ಉದ್ದಕ್ಕೂ ಹೋಗುವುದು ಬರುವುದು, ಹೋಗುವುದು ಬರುವುದು. ತಂತಿ ಕಚ್ಚಿ ಕಚ್ಚಿ ಅದರ ಹಲ್ಲು ಮೋಟಾಗಿದ್ದವು. ಅದು ನೋಡಿದ್ದು ತಮ್ಮನನ್ನಲ್ಲ, ಅವನ ಕೈಯಲ್ಲಿ ಕರಗುತ್ತಿದ್ದ ಐಸ್‌ಕ್ರೀಮನ್ನು. ಪಾಪದ ಪ್ರಾಣಿ. ಅದಕ್ಕೆ ಬೇಕಾಗಿದ್ದದ್ದು ಒಂದಿಷ್ಟು ಮದ್ದು, ಒಂದಿಷ್ಟು ಜಾಗ. ಇವರಿಗೆ ಅದು ದಾರಿ ತೋರಿಸಬೇಕಂತೆ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಮ್ಮ ಕನಿಕರದಿಂದ ನಕ್ಕು, ನಿನಗೆ ನೊಣ ಕಂಡಿತು, ನನಗೆ ಅದರ ಕಣ್ಣು ಕಂಡಿತು ಎಂದ. ಅವನ ಹಲ್ಲಿನ ಸಂದಿಯಲ್ಲಿ ನಿನ್ನೆಯ ಮಾಂಸದ ಎಳೆ ಸಿಕ್ಕಿಕೊಂಡಿತ್ತು.

ಬೈದು ಉಪಯೋಗವಿಲ್ಲ ಎಂದು ಅವಳಿಗೆ ಅರ್ಥವಾಯಿತು. ದಾರಿ ಬೇರೆ ಹುಡುಕಿದಳು. ಇರುವ ಹಲ್ಲನ್ನು ಮುಟ್ಟದೆ, ಅದರ ಮೇಲೆ ಟೋಪಿಯ ಹಾಗೆ ಸಿಕ್ಕಿಸಿಕೊಳ್ಳುವ ಕೋರೆ ಮಾಡಿಕೊಡುತ್ತೇನೆ, ಹಿಂಡಿಗೆ ಹೋಗುವಾಗ ಹಾಕಿಕೋ, ಕೌಂಟರಿಗೆ ಹೋಗುವಾಗ ತೆಗೆದಿಡು ಎಂದಳು. ತಾನು ಹೇಸುವ ಕೆಲಸವನ್ನು ತಾನೇ ಅಂಗಲಾಚಿ ಕೇಳಿಕೊಳ್ಳುವ ಗತಿ ಬಂತಲ್ಲ ಎಂದು ಅವಳ ಮೈ ಉರಿಯುತ್ತಿತ್ತು. ತಮ್ಮ ಯೋಚಿಸಿ, ಹಿರಿಯರು ಒಪ್ಪಿದರೆ ತನ್ನದೇನೂ ಅಡ್ಡಿಯಿಲ್ಲ ಎಂದ. ಅವಳಿಗೆ ಅಷ್ಟೇ ಸಾಕಾಗಿತ್ತು.

ಭಾನುವಾರ ಇಬ್ಬರೂ ಹೋದರು. ವ್ಯಾಯಾಮಶಾಲೆಯ ಮಹಡಿಗೆ ಇನ್ನೂ ಹಳೆಯ ಬೆವರಿನ ವಾಸನೆಯಿತ್ತು, ಅದರ ಮೇಲೆ ಸ್ನಾನ ಮಾಡದ ಹಿಂಡಿನ ಹೊಸ ವಾಸನೆ. ನೆಲಕ್ಕೆ ರಬ್ಬರಿನ ಹಾಸು. ಗೋಡೆಯ ತುಂಬ ಕನ್ನಡಿಗಳಿದ್ದುದರಿಂದ ಒಬ್ಬ ಆಕಳಿಸಿದರೆ ಇಡೀ ಸೈನ್ಯವೇ ಆಕಳಿಸಿದಂತೆ ಕಾಣುತ್ತಿತ್ತು. ಗುಮಾಸ್ತರು, ಅಂಗಡಿಯವರು, ಒಬ್ಬಳು ನಿವೃತ್ತ ಟೀಚರು, ಮೂಲೆ ಕ್ಲಿನಿಕ್ಕಿನ ಡಾಕ್ಟರು, ಎಲ್ಲರೂ ಮಂಡಿ ಮಡಚಿ ಸುತ್ತ ಕೂತಿದ್ದರು. ನಡುವೆ ಕುರ್ಚಿಯಲ್ಲಿ ಹಿರಿಯ. ಕುರ್ಚಿಗೆ ಹೊದಿಸಿದ ತೋಳದ ಚರ್ಮದ ಅಂಚಿನಲ್ಲಿ, ಹೇಗೆ ಒಗೆಯಬೇಕೆಂದು ತಿಳಿಸುವ ಬಟ್ಟೆಚೀಟಿ ಇಣುಕುತ್ತಿತ್ತು.

ಹಿರಿಯನಿಗೆ ದೊಡ್ಡ ಹೊಟ್ಟೆ, ಬಾಚಿದ ಗಡ್ಡ, ಒಳ್ಳೆಯ ದನಿ. ಮಾತಿನ ನಡುನಡುವೆ ಹಳೆಯ ಹಲ್ಲುಸೆಟ್ಟು ಜಾರಿ ಟಕ್ ಎನ್ನುತ್ತಿತ್ತು, ಅವನು ಅದನ್ನು ನಾಲಿಗೆಯಿಂದ ಮೇಲಕ್ಕೆ ನೂಕುತ್ತಿದ್ದ. ಪ್ರತಿ ಟಕ್ಕಿಗೂ ಹಲ್ಲಕ್ಕನ ಬೆನ್ನಿನಲ್ಲಿ ಮುಳ್ಳೇಳುತ್ತಿತ್ತು. ಅವಳು ತನ್ನ ಮಾತನ್ನು ಚುಟುಕಾಗಿ ಮುಗಿಸಿದಳು: ಯಾರ ಹಲ್ಲನ್ನೂ ಅರೆಯುವುದು ಬೇಡ, ಎಲ್ಲರಿಗೂ ಸಿಕ್ಕಿಸುವ ಕೋರೆಹಲ್ಲು ನಾನು ಮಾಡಿಕೊಡುತ್ತೇನೆ, ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಿರಿಯ ಕಣ್ಣು ಮುಚ್ಚಿ ಕೇಳಿದ. ಡಾಕ್ಟರ ಮುಖ ಸಪ್ಪಗಾದದ್ದು ಹತ್ತು ಕನ್ನಡಿಗಳಲ್ಲಿ ಕಂಡಿತು. ಕೊನೆಗೆ ಹಿರಿಯ, ಆಗಬಹುದು, ಆದರೆ ಹೊರಗಿನವರ ಕೈಯಲ್ಲಿ ಆದ ಹಲ್ಲು ತೋಳದ ಬಾಯಿಗೆ ಆಗಿಬರುವುದಿಲ್ಲ, ಮಾಡುವ ಕೈ ಹಿಂಡಿನದೇ ಆಗಿರಬೇಕು ಎಂದ. ಅಂದರೆ ಅವಳು ಮೊದಲ ತುತ್ತು ತೆಗೆದುಕೊಳ್ಳಬೇಕು.

ಮೊದಲ ತುತ್ತು ಎಂದರೇನೆಂದು ತಮ್ಮನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಈಗ ಹಿರಿಯನೇ ಬಿಡಿಸಿ ಹೇಳಿದ.

"ತೋಳ ಮರಿಗಳಿಗೆ ಹೇಗೆ ತಿನ್ನಿಸುತ್ತೆ ಗೊತ್ತೇನಮ್ಮ? ತಾನು ತಿಂದದ್ದನ್ನೇ ಹೊರಗೆ ತಂದು ಕೊಡುತ್ತೆ. ಮರಿ ಬಾಯಿ ನೆಕ್ಕಿ ಇಸ್ಕೊಳ್ಳುತ್ತೆ. ಅದರಲ್ಲಿ ಹೇಸಿಗೆ ಇಲ್ಲ. ಹೇಸಿಗೆ ಮನುಷ್ಯರು ಕಲಿತದ್ದು. ಅದನ್ನ ದಾಟಿದವರೇ ನಮ್ಮವರು. ನಿಮ್ಮ ತಮ್ಮ ಒಂದು ಮಾತಾಡದೆ ನುಂಗಿದ. ಒಳ್ಳೆ ಮರಿ ಅವನು."

ಮರಿ. ತೊಟ್ಟಿಲ ಕಾಲದಿಂದ ಅವಳು ಮಾತ್ರ ಅವನನ್ನು ಕರೆಯುತ್ತಿದ್ದ ಮಾತು ಅದು. ಆ ಎಂಜಲು ಬಾಯಲ್ಲಿ ಅದನ್ನು ಕೇಳಿ ಅವಳಿಗೆ ಎದ್ದು ಹೋಗಿ ಅವನ ಗಡ್ಡ ಹಿಡಿದು ಎಳೆಯಬೇಕೆನ್ನಿಸಿತು. ಎಳೆಯಲಿಲ್ಲ. ನಾನು ತೆಗೆದುಕೊಂಡರೆ ನನ್ನ ತಮ್ಮನ ಹಲ್ಲಿಗೆ ಯಂತ್ರ ಮುಟ್ಟುವುದಿಲ್ಲ ಎಂದು ಎಲ್ಲರೆದುರು ಹೇಳಿ ಎಂದಳು. ಹಿರಿಯ ಹೇಳಿದ. ಇನ್ನು ತಾನು ಯಾರಿಗೂ ಹಲ್ಲು ಅರೆಸಿಕೊಳ್ಳಿ ಎನ್ನುವುದಿಲ್ಲ, ಮಾತು ಅಂದರೆ ಮಾತು ಎಂದ.

ಟೀಚರು ಒಂದು ತಟ್ಟೆ ತಂದಿಟ್ಟಳು. ಅರೆಬೆಂದ ಮಾಂಸದ ತುಂಡು, ಬುಡದಲ್ಲಿ ತಣ್ಣಗಾದ ಕೊಬ್ಬು. ಹಿರಿಯ ಒಂದು ತುಂಡು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ. ಟಕ್. ನಾಲಿಗೆಯಿಂದ ನೂಕಿದ. ಟಕ್. ಮಾಂಸ ನಾರು, ಸೆಟ್ಟು ಸಡಿಲ. ಅಗಿಯುವುದು ಮುಗಿಯುವ ಹಾಗೆಯೇ ಇರಲಿಲ್ಲ. ಗಡ್ಡದ ಮೇಲೆ ಜೊಲ್ಲಿನ ಒಂದು ಎಳೆ ಇಳಿದು ತೂಗಾಡಿತು. ಹಿಂಡು ಗಂಟಲಲ್ಲೇ ಗುರ್ ಎಂದು ಸದ್ದು ಮಾಡುತ್ತಿತ್ತು. ಗುಮಾಸ್ತರ ಗುರ್, ಡಾಕ್ಟರ ಗುರ್. ಇಷ್ಟು ವರ್ಷ ಎರಡು ಪದರ ಕೈಗವಸಿನ ಹಿಂದೆ ನಿಂತು ತಾನು ತಡೆದದ್ದೆಲ್ಲ ಒಂದೇ ಬಾಯಲ್ಲಿ ಕೂಡಿಕೊಂಡು ಈಗ ತನ್ನ ಮುಂದೆ ಅಗಿಯುತ್ತಿದೆ ಎಂದು ಹಲ್ಲಕ್ಕನಿಗೆ ಅನ್ನಿಸಿತು.

ಅವನು ಅದನ್ನು ಬಾಯಿಂದ ಬೆರಳಿಗೆ ತೆಗೆದುಕೊಂಡ. ಬೂದು ಬಣ್ಣದ, ನೊರೆ ಹತ್ತಿದ, ಬೆಚ್ಚಗಿನ ಮುದ್ದೆ. ಅದರಲ್ಲಿ ಅವನ ಗಡ್ಡದ ಒಂದು ಬಿಳಿ ಕೂದಲಿತ್ತು.

ಅವಳು ತಮ್ಮನ ಕಡೆ ನೋಡಿದಳು. ಅವನು ಬೇಡ ಅಕ್ಕ ಎನ್ನಬಹುದು, ಕೊನೆಗೆ ಮುಖವನ್ನಾದರೂ ತಿರುಗಿಸಬಹುದು ಎಂಬ ಆಸೆ. ಇವಳು ಇನ್ನೊಬ್ಬರ ಲೋಟ ಮುಟ್ಟುವವಳಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು. ತಮ್ಮ ಮುಂದಕ್ಕೆ ಬಾಗಿ, ಕಣ್ಣು ಮಿನುಗಿಸುತ್ತ, ಅವಳನ್ನೇ ನೋಡುತ್ತಿದ್ದ. ಅವಳು ಬಾಯಿ ತೆರೆಯಲಿ ಎಂದು ಅವನ ಬಾಯಿ ತಾನಾಗಿ ತೆರೆದುಕೊಂಡಿತ್ತು.

ಅವಳು ಬಾಯಿ ತೆರೆದಳು. ಹಿರಿಯನ ಬೆರಳು ನಾಲಿಗೆಗೆ ತಾಗಿತು, ಉಪ್ಪುಪ್ಪಾಗಿತ್ತು. ಅಗಿಯದೆ, ಉಸಿರು ಬಿಗಿಹಿಡಿದು, ಇದ್ದ ಹಾಗೆ ನುಂಗಿದಳು. ಗಂಟಲು ಒಮ್ಮೆ ಹಿಂದಕ್ಕೆ ತಳ್ಳಿತು. ಅವಳು ಮತ್ತೆ ನುಂಗಿದಳು. ಹಿಂಡು ತಲೆಯೆತ್ತಿ ಊಳಿಟ್ಟಿತು. ಅದರಲ್ಲಿ ಎಲ್ಲಕ್ಕಿಂತ ಗಟ್ಟಿ ದನಿ, ಎಂದೂ ಗಟ್ಟಿಯಾಗಿ ಮಾತಾಡದಿದ್ದ ತಮ್ಮನದು.

ಬೀದಿಗೆ ಇಳಿದು ತಿರುವು ದಾಟುವವರೆಗೆ ತಡೆದುಕೊಂಡಳು. ಆಮೇಲೆ ನಿಂತಿದ್ದ ಲಾರಿಯ ಮರೆಗೆ ಹೋಗಿ, ಚರಂಡಿಯ ಮೇಲೆ ಬಗ್ಗಿ, ಕರುಳು ಕಿತ್ತು ಬರುವ ಹಾಗೆ ಕಾರಿಕೊಂಡಳು. ಎಲ್ಲ ಹೋದ ಮೇಲೂ ಆ ಕೂದಲು ಗಂಟಲಲ್ಲೇ ಉಳಿದಿದೆ ಎಂದು ಬೆರಳು ಹಾಕಿ ಹಾಕಿ ಕಕ್ಕಿದಳು. ತಮ್ಮ ಅವಳ ಬೆನ್ನು ಸವರುತ್ತ ನಿಂತಿದ್ದ. ಚಿಕ್ಕಂದಿನಲ್ಲಿ ಅವನಿಗೆ ಜ್ವರ ಬಂದಾಗ ಅವಳು ಸವರುತ್ತಿದ್ದ ಹಾಗೆಯೇ ಮೇಲಿಂದ ಕೆಳಗೆ, ನಿಧಾನವಾಗಿ. ಹೊರಗೆ ಬಂದರೂ ಪರವಾಗಿಲ್ಲ, ಒಳಗೆ ಹೋಗಿತ್ತಲ್ಲ, ಅಷ್ಟೇ ಲೆಕ್ಕ ಎಂದು ಸಮಾಧಾನ ಹೇಳಿದ. ಅವನ ಕಣ್ಣಲ್ಲಿ ನೀರಿತ್ತು. ತನಗಾಗಿ ಒಬ್ಬರು ಇಷ್ಟು ಮಾಡಿದ್ದನ್ನು ಕಂಡವನ ನೀರು ಅದು. ಆಗ ಅವಳಿಗೆ ಅದು ಹಿತವೇ ಆಯಿತು. ಆ ಹಿತವನ್ನು ಆಮೇಲೆ ನೆನೆದುಕೊಂಡಾಗಲೆಲ್ಲ ಅವಳಿಗೆ ತನ್ನ ಮೇಲೇ ಥೂ ಅನ್ನಿಸುತ್ತಿತ್ತು.

ಆ ವಾರವೆಲ್ಲ ಅವಳು ಬಾಯಿಗೆ ರುಚಿಯಿಲ್ಲದೆ, ನೀರು ಕುಡಿದು ಕೆಲಸ ಮಾಡಿದಳು. ತಮ್ಮನದನ್ನೇ ಮೊದಲು ಹಿಡಿದಳು. ಅವನ ಪ್ಲಾಸ್ಟರಿನ ಮೇಲೆ ಮೇಣ ಇಳಿಸಿ, ಕೆರೆದು, ಮತ್ತೆ ಇಳಿಸಿ, ಉಗುರಿನಷ್ಟು ತೆಳ್ಳಗೆ, ಕಚ್ಚಿದರೆ ಕಳಚದ ಹಾಗೆ ಎರಡು ಕೋರೆ ಮಾಡಿದಳು. ಹೇಸಿಗೆಯ ಕೆಲಸವೆಂದು ಒಂದು ಎಳೆಯಷ್ಟೂ ಕಳ್ಳಾಟ ಮಾಡಲಿಲ್ಲ. ಸಡಿಲವಾದರೆ ಅವನು ಇದು ಬೇಡ ಎಂದುಬಿಟ್ಟಾನು ಎಂಬ ಭಯ ಅವಳ ಕೈಯನ್ನು ಇನ್ನಷ್ಟು ಹದವಾಗಿ ಕೆಲಸ ಮಾಡಿಸಿತು. ಹಳೆಯ ಹಲ್ಲಿನ ಬಣ್ಣಕ್ಕೆ ಬಣ್ಣ ಕೂಡಿಸಿ, ಹೊಳಪು ಕೊಟ್ಟು, ಪ್ಲಾಸ್ಟರಿನ ಮೇಲೆ ಒತ್ತಿ ನೋಡಿದಳು. ಕ್ಲಿಕ್ ಎಂದು ಕೂತಿತು. ಎಳೆದರೆ ಬರಲಿಲ್ಲ, ತುದಿ ಹಿಡಿದು ಕೊಂಚ ಓರೆ ಮಾಡಿದರೆ ಬಂತು. ಒಳಗಡೆ ತಮ್ಮನ ಹಲ್ಲು ಇದ್ದ ಹಾಗೆಯೇ ಇತ್ತು. ಆ ವಾರದಲ್ಲಿ ಮೊದಲ ಸಲ ಅವಳು ಹೊಟ್ಟೆ ತುಂಬ ಊಟ ಮಾಡಿದ್ದು ಅವತ್ತು.

ಸಂಜೆ ತಮ್ಮ ಬಂದ. ಮಫ್ಲರನ್ನು ಬಾಯಿಗೆ ಅಡ್ಡ ಸುತ್ತಿಕೊಂಡಿದ್ದ. ಲ್ಯಾಬಿನ ಸ್ಟೂಲಿನ ಮೇಲೆ ಕೂರಿಸಿ, ಕೈ ತೊಳೆದುಕೊಂಡು ಬಂದು, ಬಾಯಿ ತೆರೆ ಎಂದಳು. ತೆರೆದ. ಮಫ್ಲರು ಸರಿಸಿದರೂ ಮೇಲ್ದುಟಿ ಹಲ್ಲನ್ನು ಮುಚ್ಚಿಯೇ ಇತ್ತು. ಅವಳು ದೀಪವನ್ನು ಹತ್ತಿರ ಎಳೆದುಕೊಂಡು, ತುಟಿಯ ಕೆಳಗೆ ಅಂದಾಜಿನಿಂದ ಬಲಗಡೆಯ ಕೋರೆಯನ್ನು ಹಿಡಿದು ಮೇಲೆ ಒತ್ತಿದಳು. ಕ್ಲಿಕ್ ಎನ್ನಲಿಲ್ಲ. ಅದು ಸುಮ್ಮನೆ ಜಾರಿ ಅವನ ನಾಲಿಗೆಯ ಮೇಲೆ ಬಿತ್ತು. ಮತ್ತೆ ಒತ್ತಿದಳು, ಮತ್ತೆ ಬಿತ್ತು. ಕೈಗವಸಿಲ್ಲದ ಬೆರಳಿನಿಂದ ಮುಟ್ಟಿ ನೋಡಿದಳು. ಹಲ್ಲಿದ್ದ ಜಾಗದಲ್ಲಿ ಒರಟಾದ ಒಂದು ಮೋಟು ಮೊಳೆ ಸಿಕ್ಕಿತು. ಎಡಗಡೆ ಮುಟ್ಟಿದಳು. ಅಲ್ಲೂ ಮೊಳೆ. ಬೆರಳು ತಾಗಿದ್ದಕ್ಕೆ ತಮ್ಮ ನೋವಿನಿಂದ ಸ್ಟೂಲಿನ ಮೇಲೇ ಜಿಗಿದ.

ಹಿರಿಯ ಮಾತು ತಪ್ಪಿದನೇ ಎಂದು ಅವಳು ಕೇಳಿದಳು. ತನ್ನ ದನಿ ತನಗೇ ಗುರುತು ಸಿಗಲಿಲ್ಲ.

"ಇಲ್ಲ ಅಕ್ಕ, ಅವರು ಬೇಡ ಅಂದರು. ನಾನೇ ಡಾಕ್ಟರ ಹತ್ರ ಹೋದೆ," ಎಂದ ತಮ್ಮ. ಗಾಳಿ ತಾಗಿ ನೋಯುತ್ತಿದ್ದುದರಿಂದ ತುಟಿ ಮುಚ್ಚಿ ಮುಚ್ಚಿ ಮಾತಾಡುತ್ತಿದ್ದ. "ಭಾನುವಾರ ನಿನ್ನ ನೋಡಿದ ಮೇಲೆ ನಂಗೆ ನಿದ್ದೆನೇ ಬರಲಿಲ್ಲ. ಇನ್ನೊಬ್ಬರ ಲೋಟ ಮುಟ್ಟದವಳು ನೀನು, ನನಗೋಸ್ಕರ ಅಷ್ಟು ದೊಡ್ಡದು ಮಾಡಿದೆ. ನಾನು ಸಿಕ್ಕಿಸೋ ಹಲ್ಲು ಹಾಕ್ಕೊಂಡು ನಾಟಕ ಆಡ್ಲಾ ಅನ್ನಿಸ್ತು."

ಹಲ್ಲಕ್ಕನ ಗಂಟಲಿನಲ್ಲಿ ಆ ಬಿಳಿ ಕೂದಲು ಮತ್ತೆ ಎದ್ದು ನಿಂತಿತು. ಬೆಂಚಿನ ಮೇಲೆ, ದೀಪದ ಬೆಳಕಿನಲ್ಲಿ, ಪ್ಲಾಸ್ಟರಿನ ತಮ್ಮ ಪೂರ್ತಿ ಹಲ್ಲಿಟ್ಟುಕೊಂಡು ಕೂತಿದ್ದ. ಸ್ಟೂಲಿನ ಮೇಲಿನವನು ನೆತ್ತರು ಹತ್ತಿದ ವಸಡು ತೋರಿಸುತ್ತ, ಹೊಗಳಿಕೆಗೆ ಕಾದ ಮಗುವಿನಂತೆ ಅವಳ ಮುಖ ನೋಡುತ್ತಿದ್ದ. ಅವನ ಬಾಯಿಂದ ಹಸಿಮಾಂಸದ, ಔಷಧಿಯ, ಅರೆದ ಮೂಳೆಯ ವಾಸನೆ ಒಟ್ಟಿಗೆ ಬರುತ್ತಿತ್ತು. ಅವನನ್ನು ಕಂಡು ಅವಳಿಗೆ ಅಸಹ್ಯವಾಯಿತು. ಸುತ್ತಿ ಬಳಸಿ ಹೇಳುವುದಕ್ಕೇನೂ ಇಲ್ಲ, ಎತ್ತಿ ಆಡಿಸಿದ ತಮ್ಮನನ್ನು ಕಂಡು ಅಸಹ್ಯವೇ ಆಯಿತು.

ತಣ್ಣೀರು ಕುಡಿಯಲೂ ಆಗುತ್ತಿಲ್ಲ, ಬೇಗ ಕ್ಯಾಪು ಹಾಕದಿದ್ದರೆ ತಡೆಯಲಾರೆ ಎಂದು ತಮ್ಮ ಹೇಳಿದ. ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಅರೆದು ಬಿಟ್ಟ ಹಲ್ಲನ್ನು ಮುಚ್ಚಲೇಬೇಕು, ಇಲ್ಲದಿದ್ದರೆ ನೋವು ತಲೆಗೇರುತ್ತದೆ. ಬೇರೆಯವರ ಕೈಯಲ್ಲಿ ಮಾಡಿಸು ಎನ್ನಲು ಬಾಯಿ ತೆರೆದಳು, ಬೇರೆಯವರ ಕೈಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು, ಬಾಯಿ ಮುಚ್ಚಿಕೊಂಡಳು.

"ಉದ್ದ ಮಾಡ್ತೀಯಲ್ಲ ಅಕ್ಕ?" ಎಂದು ಅವನು ಕೇಳಿದ.

ಅವಳು ಎದ್ದು ಬೋಗುಣಿ ತೆಗೆದುಕೊಂಡಳು. ಅರೆದ ಹಲ್ಲಿನ ಹೊಸ ಅಚ್ಚು ತೆಗೆಯಲು ಪುಡಿಗೆ ನೀರು ಹಾಕಿ ಗಂಟಿಲ್ಲದಂತೆ ಕಲಸಿದಳು. ಗುಲಾಬಿ ಬಣ್ಣದ ಆ ಮುದ್ದೆಯನ್ನು ಬಾಯೊಳಗೆ ಕೂರಿಸುವ ಪುಟ್ಟ ತಟ್ಟೆಗೆ ತುಂಬಿ ತಂದು ಅವನ ಎದುರು ನಿಂತಳು.

"ಬಾಯಿ ತೆರೆ, ಮರಿ."

ಅವನು ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಅಗಲವಾಗಿ ತೆರೆದ. ಎದುರಿನ ಗಾಜಿನ ಕಪಾಟಿನಲ್ಲಿ ಇಬ್ಬರ ಬಿಂಬವೂ ಬಿದ್ದಿತ್ತು. ಅಲ್ಲಿ ಅವಳ ಬಾಯಿಯೂ ಅವನದರಷ್ಟೇ ಅಗಲವಾಗಿ ತೆರೆದುಕೊಂಡು ನಿಂತದ್ದು ಕಂಡಿತು. ಅವಳು ಹಲ್ಲು ಕಚ್ಚಿ ಅದನ್ನು ಮುಚ್ಚಿಕೊಂಡಳು, ಆಮೇಲೆ ಅವನ ಬಾಯಿಗೆ ಕೈ ಹಾಕಿದಳು.